ಬೀಡಿನ ಗಾಣಕ್ಕೆ ಅರಿಶಿನ ನೀರು

ಹೋದ ವಾರ ನಮ್ಮ ಓಣಿಯ ಗೆಳೆಯನೊಬ್ಬ ಹೊಸ ಟ್ರ್ಯಾಕ್ಟರ್ ತಂದ. ಪೂಜೆಗೆ ಕರೆದಿದ್ದ, ಹೋಗಿದ್ದೆವು. ಅವನ ಹೆಂಡತಿ ತಂಬಿಗೆ ತುಂಬ ಅರಿಶಿನ ನೀರು ತಂದು ಇನ್ನೇನು ಸುರಿಯಬೇಕು, ಅಷ್ಟರಲ್ಲಿ ನಾನು ನಾಲ್ಕು ಜನರನ್ನು ಸರಿಸಿ ಮುಂದೆ ನುಗ್ಗಿ, ಬಗ್ಗಿ, ಬಲಗಿವಿಯನ್ನು ಆ ಕೆಂಪು ತಗಡಿಗೆ ಆನಿಸಿಬಿಟ್ಟಿದ್ದೆ. ನೀರು ಬಿತ್ತು, ಹರಿಯಿತು, ನನ್ನ ಕಾಲರಿನೊಳಗೂ ಒಂದಿಷ್ಟು ಇಳಿಯಿತು. ಬೇರೆ ಯಾವ ಸದ್ದೂ ಬರಲಿಲ್ಲ. ಎದ್ದು ನಿಂತು "ಛಲೋ ಐತಿ" ಎಂದು ಸಾರಿದೆ. ಇದು ಯಾವುದೋ ಹೊಸ ಪದ್ಧತಿ ಇರಬೇಕೆಂದುಕೊಂಡ ಹಿರಿಯರೊಬ್ಬರು ತಾವೂ ಬಂದು ಭಕ್ತಿಯಿಂದ ಕಿವಿ ಆನಿಸಿ ಕಣ್ಣು ಮುಚ್ಚಿದರು.

ನನ್ನ ಹೆಂಡತಿ ಅಂಗಿಯ ತುದಿ ಹಿಡಿದು ಜಗ್ಗಿದಳು. "ಏನ್ರಿ ಇದು, ಹೊಸಾ ಗಾಡಿಗಿ ಡಾಕ್ಟರ್ ಹಂಗ ಕಿವಿ ಹಚ್ಚತೀರಿ?"

ಏನು ಮಾಡಲಿ, ಇದು ಚಟ. ಲೋಹದ ಮೇಲೆ ಯಾರಾದರೂ ನೀರು ಹಾಕಿದರೆ ನನ್ನ ಕಿವಿ ತಾನಾಗಿ ನಿಮಿರುತ್ತದೆ. ಇನ್ನೊಂದು ಚಟವೂ ಇದೆ. ಮುಧೋಳದಲ್ಲಿ ನನ್ನದೊಂದು ವೆಲ್ಡಿಂಗ್ ಅಂಗಡಿ ಇದೆ. ಕಿಟಕಿ, ಗೇಟು, ಟ್ರೇಲರು, ಏನೇ ಮಾಡಲಿ, ಮಾಲೀಕ ಬಂದು ಒಂದೊಂದು ಬೆಸುಗೆಯನ್ನೂ ಬೆರಳಿನಿಂದ ಮುಟ್ಟಿ ನೋಡುವತನಕ ಬಣ್ಣ ಹಚ್ಚುವುದಿಲ್ಲ. ಎಷ್ಟೋ ಜನ "ನಮಗೇನ್ ತಿಳೀತೈತೋ ಮಾರಾಯಾ, ಹಚ್ಚಿ ಬಿಡು" ಎಂದು ಬೇಸತ್ತು ಹೇಳಿದ್ದಾರೆ. ನಾನು ಬಗ್ಗಿಲ್ಲ. ಈ ಎರಡೂ ಚಟಗಳು ಒಂದೇ ಸ್ಥಳದಲ್ಲಿ, ಒಂದೇ ತಿಂಗಳಲ್ಲಿ ನನಗೆ ಅಂಟಿಕೊಂಡವು. ಅಲ್ಲಿ ನಾನು ಮಣ್ಣು ಮುಕ್ಕಿದೆ, ನಮ್ಮ ನೀಲವ್ವ ಅತ್ತೆ ಗೆದ್ದಳು. ಗೆದ್ದವಳು ಅವಳಾದರೂ ಆ ಗೆಲುವಿನ ಸೊಕ್ಕು ಮಾತ್ರ ಇಷ್ಟು ವರ್ಷವಾದರೂ ನನ್ನ ಮೈಯಿಂದ ಇಳಿದಿಲ್ಲ.

ನೀಲವ್ವ ನನ್ನ ತಂದೆಯ ತಂಗಿ. ಅವಳನ್ನು ಕೊಟ್ಟ ಊರು ಅನಗವಾಡಿಯ ಆಚೆ, ಹೊಳೆಯ ದಂಡೆಗೆ ಹತ್ತಿದಂತೆ ಇತ್ತು. 'ಇತ್ತು' ಅಂದೆನಲ್ಲ, ಈಗ ಅದರ ಮೇಲೆ ಅಣೆಕಟ್ಟಿನ ಹಿನ್ನೀರು ನಿಂತಿದೆ. ಸಾಲಿ ಸೂಟಿಗೆ ನಾವು ಅಲ್ಲಿಗೆ ಹೋಗುತ್ತಿದ್ದುದು ಅತ್ತೆಯ ಪ್ರೀತಿಗೆ ಎಂದು ದೊಡ್ಡವರು ತಿಳಿದಿದ್ದರು. ಖರೆ ಹೇಳಬೇಕೆಂದರೆ ಹೋಗುತ್ತಿದ್ದುದು ಅವಳ ಗಾಣಕ್ಕೆ. ಬೆಳಗಿನ ಚಳಿಯಲ್ಲಿ ಕೊಪ್ಪರಿಗೆಯ ಒಲೆಯ ಮುಂದೆ ಬೆನ್ನು ಕಾಯಿಸುತ್ತ, ಕಬ್ಬಿನ ಒಣ ಸೋಗೆ, ಅಂದರೆ ರವದಿಯ ಮೇಲೆ ಬಿಸಿ ಬೆಲ್ಲ ಹಾಕಿಸಿಕೊಂಡು, ಊದಿ ಊದಿ ನೆಕ್ಕಿ, ನಾಲಗೆ ಸುಟ್ಟುಕೊಂಡು, ಮತ್ತೆ ರವದಿ ಚಾಚುತ್ತಿದ್ದೆವು. ಗಾಣದ ಮನೆಗೆ ಬಂದವರು ಯಾರೇ ಇರಲಿ, ದಾರಿಹೋಕನಿರಲಿ, ಜಗಳವಾಡಲೆಂದೇ ಬಂದವನಿರಲಿ, ಒಂದು ಲೋಟ ಕಬ್ಬಿನ ಹಾಲು ಕುಡಿಯದೆ ಹೋಗುವಂತಿರಲಿಲ್ಲ. ಜಗಳಕ್ಕೆ ಬಂದವನಿಗೆ ಅತ್ತೆ ಎರಡು ಲೋಟ ಕುಡಿಸುತ್ತಿದ್ದಳು. ಹೊಟ್ಟೆ ತುಂಬಿದ ಮೇಲೆ ಅವನಿಗೆ ಬಂದ ಕಾರಣವೇ ಮರೆತುಹೋಗುತ್ತಿತ್ತು.

ಮಾವ ತೀರಿಕೊಂಡಾಗ ಅತ್ತೆಗೆ ಮೂವತ್ತೂ ತುಂಬಿರಲಿಲ್ಲ. ಇನ್ನು ಮನೆಯ ಮೂಲೆ ಹಿಡಿದು ಕೂರುತ್ತಾಳೆ ಎಂದು ಊರು ಅಂದಾಜು ಹಾಕಿತ್ತು. ಅವಳು ಸೆರಗು ಬಿಗಿದು ಗಾಣದ ಮನೆಗೆ ನಡೆದಳು. ಗಾಣದ ಬಾಯಿಗೆ ಕಬ್ಬು ಕೊಡುವುದು, ಡೀಸೆಲ್ ಎಂಜಿನ್ನು ಚಾಲೂ ಮಾಡುವುದು, ಪಾಕದ ಹದ ನೋಡುವುದು, ಎಲ್ಲ ಕಲಿತಳು. ಕೆಲವೇ ವರ್ಷಗಳಲ್ಲಿ ಸುತ್ತಲಿನ ಹಳ್ಳಿಗಳಲ್ಲಿ ಅದು 'ನೀಲವ್ವನ ಗಾಣ' ಆಯಿತು. ಬೆಲ್ಲದ ಪೆಂಟಿಯನ್ನು ಮೂಸಿ ನೋಡಿಯೇ "ಇದು ನೀಲವ್ವಂದು" ಅನ್ನುವವರಿದ್ದರು.

ನೀರು ಬರುವ ಸುದ್ದಿ ನಿಜವಾದಾಗ ಜನ ಮನೆಯ ತೊಲೆ, ಬಾಗಿಲು, ಹೊಸ್ತಿಲುಗಳನ್ನು ಕಿತ್ತು ಟ್ರೇಲರಿಗೆ ಹೇರಿಕೊಂಡು ಹೊಸ ಊರಿಗೆ ಬಂದರು. ಹೊಸ ಊರೆಂದರೆ ಪುನರ್ವಸತಿ ಕೇಂದ್ರ. ಅಲ್ಲಿ ಓಣಿಗಳಿಗೆ ಹೆಸರಿರಲಿಲ್ಲ, ಪ್ಲಾಟಿಗೆ ನಂಬರು ಇತ್ತು. ಅತ್ತೆ ಮೊದಲು ಹೇರಿಸಿದ್ದು ಗಾಣವನ್ನು. ಇಳಿಸುವಾಗ ನಾವು ಹತ್ತು ಜನ ಇದ್ದೆವು, ಅದರಲ್ಲಿ ಒಂಬತ್ತು ಜನ ಕೈ ಹಚ್ಚಿದ್ದರು. ಹತ್ತನೆಯವನಾದ ನಾನು ಎದುರಿಗೆ ನಿಂತು "ಈ ಕಡೆ, ಈ ಕಡೆ" ಎಂದು ಸಲಹೆ ಕೊಡುತ್ತಿದ್ದೆ. ಹಲಗೆ ಜಾರಿತು. ಗಾಣದ ಒಂದು ಪಕ್ಕದ ಚೌಕಟ್ಟು ಕಲ್ಲಿಗೆ ಬಡಿದು, ಗೇಣುದ್ದ ಸೀಳು ಬಿಟ್ಟಿತು.

ಗಾಣದ ಚೌಕಟ್ಟು ಬೀಡು ಕಬ್ಬಿಣದ್ದು, ಎರಕ ಹೊಯ್ದದ್ದು. ಬೀಡಿನ ಸ್ವಭಾವ ನಮ್ಮ ಕಡೆಯ ಕೆಲವು ಹಿರಿಯರ ಹಾಗೆ. ಎಷ್ಟು ಭಾರ ಬೇಕಾದರೂ ಹೊರುತ್ತದೆ, ಬಗ್ಗು ಎಂದರೆ ಮಾತ್ರ ಬಗ್ಗುವುದಿಲ್ಲ, ಮುರಿಯುತ್ತದೆ.

ಅತ್ತೆಯ ಮೈದುನ ಬಸಪ್ಪ ಮಾವ ಕೆಟ್ಟವನಲ್ಲ, ಲೆಕ್ಕದ ಮನುಷ್ಯ. "ವೈನೀ, ಇನ್ನ ಸಾಕು. ಕಬ್ಬು ಸಮೀರವಾಡಿ ಫ್ಯಾಕ್ಟರಿಗೆ ಕಳಸೂಣು. ಇದನ್ನ ಗುಜರಿಗೆ ಹಾಕೂಣು. ನೀವು ಆರಾಮ ಮನ್ಯಾಗ ಕುಂದರ್ರಿ" ಎಂದ. ಎತ್ತರದ ಹೊಲದಲ್ಲಿ ಅತ್ತೆಯ ಎರಡು ಎಕರೆ ಕಬ್ಬು ಮುಳುಗದೆ ಉಳಿದು, ಕಡಿಯಲು ಬಂದಿತ್ತು.

ಅತ್ತೆ ನನ್ನ ಕಡೆ ತಿರುಗಿ ಮೆಲ್ಲಗೆ ಹೇಳಿದಳು, "ಮಲ್ಲೂ, ಇಲ್ಲೆ ಎಲ್ಲಾರಿಗೂ ನಂಬರ್ ಅದಾವು. ಗಾಣ ಹೋತಂದ್ರ ನಾ ಯಾರಲೇ? ನೀ ಕಲತಾಂವ ಅದಿ. ಬೆಸಿ."

ಕಲಿತವನು ಅಂದಳಲ್ಲ, ಅದಕ್ಕೆ ನನ್ನ ಎದೆ ಒಂದು ಮೊಳ ಉಬ್ಬಿತು. ಜಮಖಂಡಿಯಲ್ಲಿ ಐ.ಟಿ.ಐ. ಮುಗಿಸಿ ಆಗಷ್ಟೇ ಬಂದಿದ್ದೆ. ಪರೀಕ್ಷೆಯಲ್ಲಿ 'ವೆಲ್ಡಿಂಗ್ ಮತ್ತು ಬ್ರೇಜಿಂಗ್, ಐದು ವ್ಯತ್ಯಾಸ ಬರೆಯಿರಿ' ಎಂಬ ಪ್ರಶ್ನೆ ಬಂದಿತ್ತು. ನಡುವೆ ಗೀಟು ಹೊಡೆದು ಎಡಕ್ಕೆ ಐದು, ಬಲಕ್ಕೆ ಐದು ಬರೆದು, ಐದಕ್ಕೆ ಐದು ಅಂಕ ತೆಗೆದಿದ್ದೆ. ಬ್ರೇಜಿಂಗ್ ಪಾಠ ಪುಸ್ತಕದಲ್ಲಿ ಎರಡೇ ಪುಟ ಇತ್ತು. ಅದನ್ನು ಕೈಯಿಂದ ಮಾಡಿ ತೋರಿಸುವ ದಿನ ನಾನು ಊಟಕ್ಕೆಂದು ಹೋಗಿ ತಡವಾಗಿ ಬಂದಿದ್ದೆ. ಬೀಡಿಗೆ ಬರಿಯ ಕರೆಂಟಿನ ವೆಲ್ಡಿಂಗ್ ಹಿಡಿಯುವುದು ಕಷ್ಟ ಎಂದು ಆ ಪುಟಗಳಲ್ಲೇ ಇತ್ತು. ಓದಿದ್ದೆ. ಆದರೆ ನನ್ನ ಹತ್ತಿರ ಬಾಡಿಗೆಗೆ ತಂದ ವೆಲ್ಡಿಂಗ್ ಯಂತ್ರವಿತ್ತು, ಸುತ್ತ ಇಡೀ ಕೇಂದ್ರದ ಜನ ನೆರೆದಿದ್ದರು. ಇಂಥ ಹೊತ್ತಿನಲ್ಲಿ ಓದಿದ್ದು ಯಾರಿಗೆ ನೆನಪಾಗುತ್ತದೆ?

ಗಾಣ ಬಿಚ್ಚುವ ಗೋಜಿಗೂ ಹೋಗಲಿಲ್ಲ. ಕಿಡಿ ಹಾರಿಸಿ, ಹೆಂಗಸರು ಮಕ್ಕಳು "ಅಬ್ಬಬ್ಬಾ" ಅನ್ನುವಂತೆ ಬೆಸೆದೆ. ಬೆಸುಗೆ ಸಾಲಾಗಿ, ಅಂದವಾಗಿ ಕೂತಿತ್ತು. ಮೇಲಿನ ಹೊಟ್ಟು ಕೆರೆದು ತೆಗೆಯುತ್ತಿದ್ದೆ. ಆಗ ಕೇಳಿಸಿತು. ಸಣ್ಣದು, ಹಲ್ಲಿ ಲೊಚಗುಟ್ಟಿದಷ್ಟು ಸಣ್ಣದು. ಟಿಕ್. ಬಗ್ಗಿ ನೋಡಿದೆ. ಬೆಸುಗೆಯ ಅಂಚಿನಿಂದ ಬೋಲ್ಟಿನ ತೂತಿನ ಕಡೆಗೆ ಕೂದಲೆಳೆಯಂಥ ಒಂದು ಗೆರೆ ಹೋಗಿತ್ತು.

ಇಲ್ಲಿ ನಾನು ಮಾಡಿದ್ದನ್ನು ಹೇಳಲು ಈಗಲೂ ನಾಚಿಕೆಯಾಗುತ್ತದೆ. ಪಕ್ಕದಲ್ಲಿದ್ದ ಕಪ್ಪು ಬಣ್ಣದ ಡಬ್ಬಿ ತೆಗೆದು, ಬಿಸಿ ಕಬ್ಬಿಣ ಹೊಗೆಯಾಡುತ್ತಿದ್ದರೂ ಬಿಡದೆ, ಮೇಲಿಂದ ಮೇಲೆ ಎರಡು ಕೈ ಬಣ್ಣ ಬಳಿದುಬಿಟ್ಟೆ. "ಆತು ನೋಡ್ರಿ!" ಎಂದೆ.

ನಮ್ಮಲ್ಲಿ ಹೊಸ ಸಾಮಾನು ಬರಲಿ, ಕೆಟ್ಟದ್ದು ರಿಪೇರಿಯಾಗಲಿ, ಅರಿಶಿನ ನೀರಿನಲ್ಲಿ ತೊಳೆದು, ಕುಂಕುಮ ಹಚ್ಚಿ, ಕಾಯಿ ಒಡೆದೇ ಕೆಲಸಕ್ಕೆ ಹಚ್ಚುವುದು. ಅತ್ತೆ ಆಗಲೇ ತಂಬಿಗೆ ಹಿಡಿದು ಬಂದಿದ್ದಳು. ಕಾದ ಬೀಡಿಗೆ ನೀರು ಬೀಳಬಾರದು ಎಂಬುದು ನನಗೆ ಗೊತ್ತಿತ್ತು. "ತಡಿ ಅತ್ತಿ" ಅಂದಿದ್ದರೆ ಸಾಕಿತ್ತು. ಅಂದರೆ ಅವಳು "ಯಾಕ?" ಅನ್ನುತ್ತಿದ್ದಳು. ಆ 'ಯಾಕ'ಕ್ಕೆ ಹೆದರಿ ನಾನು ಬಾಯಿ ಮುಚ್ಚಿಕೊಂಡೆ. ಅವಳು ಕಣ್ಣು ಮುಚ್ಚಿ, ಏನೋ ಬೇಡಿಕೊಳ್ಳುತ್ತ ನೀರು ಸುರಿದಳು.

ಟಣ್!

ಗುಡಿಯ ಗಂಟೆ ಹೊಡೆದಂಥ ಸದ್ದು. ನನ್ನ ಬೆಸುಗೆ ಬಾಯಿಬಿಟ್ಟು, ಗೇಣುದ್ದದ ಸೀಳು ಮೊಳದುದ್ದ ಆಗಿತ್ತು. ಎಲ್ಲರೂ ಅತ್ತೆಯ ಕೈಯಲ್ಲಿದ್ದ ಖಾಲಿ ತಂಬಿಗೆ ನೋಡಿದರು. ನಾನೂ ತಂಬಿಗೆಯನ್ನೇ ನೋಡಿದೆ.

"ಕಾದ ಕಬ್ಬಿಣಕ್ಕ ನೀರ ಹಾಕಿದ್ರ ಏನಾಗತೈತಿ ವೈನೀ? ಹುಡುಗ ಪಾಪ ಅಷ್ಟ ಛಲೋ ಬೆಸದಿದ್ದ" ಎಂದ ಬಸಪ್ಪ ಮಾವ. ಬರುವ ಸೋಮವಾರ ಗುಜರಿಯವನ ಗಾಡಿ ಬರಲಿ ಎಂದು ಅಲ್ಲೇ ತೀರ್ಮಾನವಾಯಿತು. ಅತ್ತೆ ತಂಬಿಗೆ ಎತ್ತಿಕೊಂಡು ಒಳಗೆ ಹೋದಳು. ಮರುದಿನದಿಂದ ಕೇಂದ್ರದ ನಲ್ಲಿಯ ಮುಂದೆ, ಅಂಗಡಿಯ ಕಟ್ಟೆಯ ಮೇಲೆ, ಒಂದೇ ಮಾತು. ನೀಲವ್ವ ತನ್ನ ಗಾಣಕ್ಕ ತಾನ ನೀರ ಬಿಟ್ಟಳು. ಅವಳು ಎಲ್ಲವನ್ನೂ ಕೇಳಿಸಿಕೊಂಡು ಸುಮ್ಮನೆ ಕೊಡ ತುಂಬಿಕೊಂಡು ಬರುತ್ತಿದ್ದಳು. ಬಂದು ನನಗೆ ರೊಟ್ಟಿ ಬಡಿಸುತ್ತಿದ್ದಳು. ನಾಚಿಕೆಬಿಟ್ಟು ಮೂರು ತಿನ್ನುತ್ತಿದ್ದೆ ಎಂಬುದನ್ನು ಮುಚ್ಚಿಡುವುದಿಲ್ಲ.

ಗುರುವಾರ ಇನ್ನೂ ದಪ್ಪನೆಯ ವೆಲ್ಡಿಂಗ್ ಕಡ್ಡಿ ಹುಡುಕಿಕೊಂಡು ಬನಹಟ್ಟಿಗೆ ಹೋದೆ. ಮೂರ್ಖತನಕ್ಕೆ ಇನ್ನಷ್ಟು ದಪ್ಪ ಬೇಕಾಗಿತ್ತು, ಅಷ್ಟೆ. ಒಂದು ಓಣಿಯಲ್ಲಿ ಪವರ್‌ಲೂಮುಗಳು ಖಟಖಟ ಬಡಿಯುತ್ತಿದ್ದವು. ಬಾಗಿಲ ಪಕ್ಕದ ಮಗ್ಗದ ಕಪ್ಪು ಚೌಕಟ್ಟಿನ ಮೇಲೆ ಬೆರಳಗಲ ಒಂದು ಹಳದಿ ಗೆರೆ ಹೊಳೆಯುತ್ತಿತ್ತು. ಮಗ್ಗ ಮೈ ಮುರಿಯುವ ಹಾಗೆ ನಡುಗುತ್ತಿತ್ತು, ಗೆರೆ ಮಿಸುಕಾಡುತ್ತಿರಲಿಲ್ಲ. "ಇದೇನ್ರಿ?" ಎಂದು ನೇಕಾರನನ್ನು ಕೇಳಿದೆ. "ಅದು ನಮ್ಮಪ್ಪನ ಕಾಲಕ್ಕ ಮುರಿದಿತ್ತು. ಇಮಾಮಸಾಬರು ಪಿತ್ತಾಳಿ ಹಾಕಿ ಬೆಸದಾರ" ಎಂದ.

ಮಗ್ಗಗಳ ಬೀಡಿನ ಭಾಗಗಳನ್ನು ಬೆಸೆಯುವುದೇ ಇಮಾಮಸಾಬರ ಕಸುಬು. ಬಿಳಿ ಗಡ್ಡ, ಅರ್ಧ ಸುಟ್ಟ ಹುಬ್ಬು. ಬಣ್ಣದ ಸಂಗತಿ ಬಿಟ್ಟು ನಾನು ಹೇಳಿದ ಕಥೆ ಕೇಳಿ, ಎರಡು ಗ್ಯಾಸಿನ ಸಿಲಿಂಡರುಗಳನ್ನು ಟೆಂಪೋಕ್ಕೆ ಹಾಕಿ ಶುಕ್ರವಾರದ ನಮಾಜು ಮುಗಿಸಿಕೊಂಡು ಹೊರಟರು. ನಾನೂ ಕಸುಬಿನವನೇ ಎಂದು ತೋರಿಸಬೇಕಲ್ಲ, ದಾರಿಯಲ್ಲಿ ಸುರು ಮಾಡಿದೆ. "ವೆಲ್ಡಿಂಗಿನ್ಯಾಗ ಎರಡೂ ಲೋಹ ಕರಗಿ ಒಂದ ಆಗತಾವ್ರಿ. ಬ್ರೇಜಿಂಗಿನ್ಯಾಗ ಅವು ಕರಗೂದಿಲ್ಲ, ನಡುವ ಹಾಕಿದ್ದಷ್ಟ ಕರಗತೈತಿ. ಅದಕ್ಕ ಉರಿ ಭಾಳ ಬೇಕು, ಇದಕ್ಕ ಕಡಿಮಿ ಸಾಕು. ಬ್ಯಾರೆ ಬ್ಯಾರೆ ಜಾತಿ ಲೋಹ ಇದ್ರ ಬ್ರೇಜಿಂಗ ಛಲೋ..." ಐದೂ ಒಪ್ಪಿಸಿದೆ.

ಇಮಾಮಸಾಬರು ಪೂರ್ತಿ ಕೇಳಿ ನನ್ನ ಮುಖ ನೋಡಿದರು. "ಎಲ್ಲಾ ಗೊತ್ತೈತಲ್ಲೋ ತಮ್ಮಾ ನಿನಗ! ಮತ್ತ ಯಾಕ ಒಡೀತು?"

ಮುಂದಿನ ದಾರಿಯುದ್ದಕ್ಕೂ ನಾನು ಕಬ್ಬಿನ ಹೊಲ ನೋಡಿದೆ.

ಶನಿವಾರ ಬೆಳಿಗ್ಗೆ ಗಾಣ ಬಿಚ್ಚಿ, ಚೌಕಟ್ಟನ್ನು ಹೊರಗೆ ಮಲಗಿಸಿದರು. ಮತ್ತೆ ಜನ ಸೇರಿದರು. ಇಮಾಮಸಾಬರು ಉಳಿ ಹಿಡಿದು ನನ್ನ ಅಂದದ ಬೆಸುಗೆಯನ್ನು ಕಟುಕನಂತೆ ಕಡಿದು ತೆಗೆದರು. ಆಮೇಲೆ ಕೇಳಿದರು, "ಬಿರುಕಿನ ಬಾಲ ಎಲ್ಲೈತಿ? ಬಾಲಕ್ಕ ಒಂದು ತೂತು ಹೊಡೀಬೇಕು. ಇಲ್ಲಂದ್ರ ಎಷ್ಟ ಪಿತ್ತಾಳಿ ಸುರದ್ರೂ ಅದು ಮುಂದ ಓಡತೈತಿ. ಎಲ್ಲಿಂದ ಸುರು ಆತು ಅಂತ ತಿಳದ್ರ ಬಾಲ ಸಿಗತೈತಿ, ಖರೆ ಹೇಳ್ರಿ."

"ಎಲ್ಲಿಂದ ಅಂದ್ರ? ವೈನಿ ನೀರ ಹಾಕಿದ ಕಡೆಯಿಂದ" ಎಂದು ಬಸಪ್ಪ ಮಾವ ಅಂಚಿನ ದೊಡ್ಡ ಸೀಳು ತೋರಿಸಿದ. ಜನ ಹೌದೌದು ಎಂದರು. ಇಮಾಮಸಾಬರು ಡ್ರಿಲ್ ಎತ್ತಿ ಅಲ್ಲಿಗೆ ಇಟ್ಟರು. ನನ್ನ ಗೆರೆ ಇದ್ದದ್ದು ಅದರ ವಿರುದ್ಧ ದಿಕ್ಕಿಗೆ, ಬಣ್ಣದ ಕೆಳಗೆ. ಸುಮ್ಮನಿದ್ದರೆ ನನ್ನ ಮಾನ ಉಳಿಯುತ್ತಿತ್ತು, ಗಾಣ ಹೋಗುತ್ತಿತ್ತು. ಅತ್ತೆ ಬಾಗಿಲಲ್ಲಿ ನಿಂತು ನೆಲ ನೋಡುತ್ತಿದ್ದಳು.

"ಅಲ್ಲೆ ಅಲ್ರೀ" ಎಂದೆ. ಬೋಲ್ಟಿನ ತೂತಿನ ಕಡೆ ಬೆರಳು ತೋರಿಸಿದೆ. "ಇಲ್ಲಿಂದ. ಅತ್ತಿ ನೀರ ಹಾಕೂಕಿಂತ ಮೊದಲ ಒಡದಿತ್ತು. ನಾನ ಬಣ್ಣಾ ಹಚ್ಚಿ ಮುಚ್ಚಿದ್ದೆ."

ಇಮಾಮಸಾಬರು ಬಣ್ಣ ಕೆರೆದು, ಸೀಮೆಎಣ್ಣೆ ಹಚ್ಚಿ, ಒರೆಸಿ, ಮೇಲೆ ಸುಣ್ಣದ ಪುಡಿ ಉದುರಿಸಿದರು. ಸ್ವಲ್ಪ ಹೊತ್ತಿಗೆ ಬಿರುಕಿನೊಳಗೆ ಇಳಿದಿದ್ದ ಎಣ್ಣೆ ಜಿನುಗಿ ಬಿಳಿಯ ಮೇಲೆ ಒದ್ದೆ ಗೆರೆಯೊಂದು ಮೂಡಿತು. ಬೋಲ್ಟಿನ ತೂತನ್ನು ದಾಟಿ ಇನ್ನೂ ನಾಲ್ಕು ಬೆರಳು ಮುಂದೆ ಹೋಗಿತ್ತು. "ಸಿಕ್ಕಿತು" ಎಂದು ಬಾಲದ ತುದಿಗೆ ತೂತು ಕೊರೆದರು. ಅತ್ತೆ ತಲೆಯೆತ್ತಿ ಒಮ್ಮೆ ಬಸಪ್ಪ ಮಾವನನ್ನು ನೋಡಿದಳು, ಒಮ್ಮೆ ನೆರೆದ ಜನರನ್ನು ನೋಡಿದಳು. ನನ್ನನ್ನು ನೋಡಲಿಲ್ಲ. ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಆಮೇಲೆ ಆದ ಕೆಲಸವನ್ನು ನಾನು ಇವತ್ತಿಗೂ ಕಣ್ಣು ಮುಚ್ಚಿದರೆ ನೋಡಬಲ್ಲೆ. ಸುತ್ತ ಸೆಗಣಿಯ ಕುಳ್ಳು ಒಟ್ಟಿ, ಬೆಂಕಿ ಹಾಕಿ, ಇಡೀ ಚೌಕಟ್ಟನ್ನು ಸಾವಕಾಶ ಕಾಯಿಸಿದರು. ಅವಸರ ಎಂಬುದೇ ಇಲ್ಲ. ನಡುವೆ ಎರಡು ಸಲ ಚಹಾ ಕುಡಿದರು. ಸೀಳಿನ ಎರಡೂ ದಂಡೆಗಳಿಗೆ ಅಕ್ಕಸಾಲಿಗರು ಬಳಸುವ ಬಿಳಿಗಾರದ ಪುಡಿ ಉದುರಿಸಿ, ಗ್ಯಾಸಿನ ಉರಿ ಹಿಡಿದರು. ಬೀಡು ಮಂದವಾಗಿ ಕೆಂಪಾಯಿತು, ಕರಗಲಿಲ್ಲ. ಹಿತ್ತಾಳೆಯ ಕಡ್ಡಿ ಮುಟ್ಟಿಸಿದ್ದೇ ತಡ, ಅದು ನೀರಾಗಿ ಸೀಳಿನೊಳಗೆ ಸರಸರ ಹರಿದು ಹೋಯಿತು.

"ನೋಡು" ಎಂದರು ನನಗೆ. "ಪಿತ್ತಾಳಿ ಕಬ್ಬಿಣಕ್ಕ ಒಲೀಬೇಕು. ಒಲೀಲಿಲ್ಲಂದ್ರ ಗೋಲಿ ಆಗಿ ಉಳ್ಳತೈತಿ. ನೀ ಬೀಡಿಗೆ ಕರಗು ಅಂದಿ. ಅದಕ್ಕ ಸಿಟ್ಟ ಬಂತು. ನಾ ಕರಗು ಅನ್ನೂದಿಲ್ಲ, ಸ್ವಲ್ಪ ಬೆಚ್ಚಗಾಗು ಅಂತೇನಿ, ಅಷ್ಟ."

ಕೆಲಸ ಮುಗಿದದ್ದೇ ಚೌಕಟ್ಟಿನ ಮೇಲೆ ಬುಟ್ಟಿಗಟ್ಟಲೆ ಬಿಸಿ ಬೂದಿ ಸುರಿದು ಗುಡ್ಡೆ ಹಾಕಿದರು. "ನಾಳೆ ಮಧ್ಯಾಹ್ನದ ಮಟಾ ಯಾರೂ ಮುಟ್ಟಬ್ಯಾಡ್ರಿ. ಗಾಳಿ ಸೈತ ತಾಗಬಾರದು. ಅಕ್ಕಾರ, ನಿಮ್ಮ ಪೂಜಿ ನಾಳೆ ಮಾಡ್ರಿ" ಎಂದರು. ಅತ್ತೆ ತುಂಬಿ ತಂದಿದ್ದ ತಂಬಿಗೆಯನ್ನು ಒಳಗೆ ಇಟ್ಟು, ಕೋಲು ಹಿಡಿದು ಬೂದಿಯ ಗುಡ್ಡೆಯ ಪಕ್ಕದಲ್ಲಿ ಕೂತಳು. ಕೋಳಿ ಬಂದರೆ ಓಡಿಸಿದಳು, ಬಸಪ್ಪ ಮಾವ ಬಂದರೂ ಓಡಿಸಿದಳು. ಬೆಸೆದ ಸಾಮಾನಿಗೆ ಅಂದೇ ನೀರು ಹಾಕದಿದ್ದರೆ ಕೆಡುಕು ಎಂದು ಒಬ್ಬ ಅಜ್ಜಿ ಚೊಂಬು ಹಿಡಿದು ಬಂದಿದ್ದಳು. ಅವಳಿಗೆ ಅತ್ತೆ ಆ ನೀರನ್ನು ಅಲ್ಲೇ ಕುಡಿಸಿ ಕಳಿಸಿದಳು.

ಭಾನುವಾರ ಮಧ್ಯಾಹ್ನ ಬೂದಿ ಸರಿಸಿದರು. ಕಪ್ಪು ಚೌಕಟ್ಟಿನ ಉದ್ದಕ್ಕೂ ಬೆರಳಗಲದ ಹಳದಿ ಗೆರೆ. ಬಸಪ್ಪ ಮಾವ, ಅಭ್ಯಾಸ ನೋಡಿ, "ಮ್ಯಾಲ ಒಂದು ಕೈ ಬಣ್ಣಾ..." ಎಂದು ಬಾಯಿ ತೆರೆದ. ಜನರೆಲ್ಲ ನನ್ನ ಕಡೆ ತಿರುಗಿ ನಕ್ಕರು. ನಾನೂ ನಕ್ಕೆ. ನಗದೆ ಗತಿ ಇರಲಿಲ್ಲ.

ಗಾಣ ಜೋಡಿಸಿ ಆಯಿತು. ಅತ್ತೆ ಅದೇ ತಂಬಿಗೆ, ಅದೇ ಅರಿಶಿನ ನೀರು ತಂದಳು. ಅವಳು ಸೀದಾ ನನ್ನ ಮುಂದೆ ಬಂದು ತಂಬಿಗೆ ಚಾಚಿದಳು.

"ನೀ ಹಾಕು."

ಹಳದಿ ಗೆರೆಯ ಮೇಲೆ ಹಳದಿ ನೀರು ಸುರಿದೆ. ಬಗ್ಗಿ ಕಿವಿ ಆನಿಸಿದೆ. ನೂರು ಜನ ಉಸಿರು ಬಿಗಿಹಿಡಿದಿದ್ದರು. ನೀರು ಹರಿಯಿತು, ತೊಟ್ಟಿಕ್ಕಿತು, ನಿಂತಿತು. ಟಿಕ್ ಇಲ್ಲ, ಟಣ್ ಇಲ್ಲ. ಅಂಥ ಸೊಗಸಾದ ನಿಶ್ಶಬ್ದವನ್ನು ನಾನು ಜನ್ಮದಲ್ಲಿ ಕೇಳಿಲ್ಲ! "ಏನೂ ಇಲ್ಲ!" ಎಂದು ಕಿರುಚಿಬಿಟ್ಟೆ. ಜನ ಹೋ ಎಂದರು. ಅತ್ತೆ ಕುಂಕುಮ ಹಚ್ಚಿ, ಕಾಯಿ ಒಡೆದು, ತಾನೇ ಎಂಜಿನ್ನು ಚಾಲೂ ಮಾಡಿ ಮೊದಲ ಹಿಡಿ ಕಬ್ಬು ಕೊಟ್ಟಳು. ಗಾಣ ಒಮ್ಮೆ ನರಳಿತು, ಆಮೇಲೆ ಕರಕರ ಅಗಿಯತೊಡಗಿತು. ನೊರೆ ನೊರೆಯಾಗಿ ಹಾಲು ಬಂತು. ಸೋಮವಾರ ಗುಜರಿಯ ಗಾಡಿ ಬಂದಾಗ ಅದರ ಡ್ರೈವರಿಗೂ ಎರಡು ಲೋಟ ಕುಡಿಸಿ ವಾಪಸು ಕಳಿಸಿದರು. ಆ ಗಾಣ ಮುಂದೆ ಎಷ್ಟೋ ಹಂಗಾಮು ತಿರುಗಿತು. ಹೊಸ ಊರಿನಲ್ಲಿ ದಾರಿ ಕೇಳಿದರೆ ಜನ ಪ್ಲಾಟ್ ನಂಬರು ಬಿಟ್ಟು 'ನೀಲವ್ವನ ಗಾಣದ ಹಂತೇಕ' ಎನ್ನತೊಡಗಿದರು.

ಆದರೆ ಅದು ಆಮೇಲಿನ ಮಾತು. ಆ ಭಾನುವಾರ ಮೊದಲ ಲೋಟವನ್ನು ಅತ್ತೆ ಇಮಾಮಸಾಬರಿಗೆ ಕೊಟ್ಟಳು. ಎರಡನೆಯದನ್ನು ಬಸಪ್ಪ ಮಾವನಿಗೆ ಕೊಟ್ಟಳು. ಅವನು ಕುಡಿದು, ಬಾಯಿ ಒರೆಸಿಕೊಂಡು, "ನಾಳೆ ನನ್ನ ಹೊಲದ ಕಬ್ಬೂ ಇಲ್ಲಿಗೇ ತರತೇನಿ ವೈನೀ" ಎಂದ. ಮೂರನೆಯದಕ್ಕೆ ನಾನು ಕೈ ಚಾಚಿದೆ. ಅವಳು ಲೋಟದ ಬದಲು ಇಡೀ ಕೊಡ ನನ್ನ ಕೈಗಿಟ್ಟಳು.

"ಬಂದಾವರಿಗೆಲ್ಲಾ ನೀನ ಕೊಡು. ಕೊಡೂ ಮುಂದ ಬಿರುಕು ಎಲ್ಲಿಂದ ಸುರು ಆತು ಅಂತ ಹೇಳು. ಒಬ್ಬರನ್ನೂ ಬಿಡಬ್ಯಾಡ."

ಹೇಳಿದೆ. ನಲ್ಲಿಯ ಮುಂದೆ ಮಾತಾಡಿದವರಿಗೆ ಹೇಳಿದೆ, ಅಂಗಡಿಯ ಕಟ್ಟೆಯವರಿಗೆ ಹೇಳಿದೆ, ಚೊಂಬಿನ ಅಜ್ಜಿಗೆ ಕಿವಿಯ ಹತ್ತಿರ ಕೂಗಿ ಹೇಳಿದೆ. ಮೊದಲ ಹತ್ತು ಜನರಿಗೆ ಹೇಳುವಾಗ ಮುಖ ಕೆಂಪಾಗಿತ್ತು. ಇಪ್ಪತ್ತು ದಾಟಿದ ಮೇಲೆ ನಾಲಗೆ ಸಡಿಲಾಯಿತು. ಐವತ್ತಕ್ಕೆ ಬರುವಷ್ಟರಲ್ಲಿ ಟಿಕ್ ಎಂದಾಗ ನನ್ನ ಮುಖ ಹೇಗಿತ್ತೆಂದು ಅಭಿನಯಿಸಿ ತೋರಿಸುತ್ತಿದ್ದೆ. ಜನ ಅತ್ತೆಯ ಕಡೆ ತಿರುಗಿ "ತಪ್ಪ ತಿಳಕೊಂಡಿದ್ವಿ ನೀಲವ್ವಾ" ಅನ್ನುತ್ತಿದ್ದರು. ಅವಳು ಕಬ್ಬು ಕೊಡುತ್ತ, ತಲೆಯೆತ್ತದೆ, ಇಷ್ಟೇ ಇಷ್ಟು ನಗುತ್ತಿದ್ದಳು.

ಕೊಡ ಖಾಲಿಯಾಗುತ್ತ ಬಂತು. ತಳದಲ್ಲಿ ಒಂದೇ ಲೋಟದಷ್ಟು ಉಳಿದಿತ್ತು. ಅತ್ತೆ ಎಂಜಿನ್ನು ನಿಲ್ಲಿಸಿ, ಕೈ ತೊಳೆದುಕೊಂಡು ಬಂದು, ಅದನ್ನು ಲೋಟಕ್ಕೆ ಬಗ್ಗಿಸಿಕೊಂಡು ಹಿಡಿದು ನಿಂತಳು.

"ಎಲ್ಲಾರಿಗೂ ಹೇಳಿದಿ. ನನಗ ಹೇಳಿಲ್ಲ."

ಐವತ್ತು ಸಲ ಹೇಳಿದ ಮಾತು ಐವತ್ತೊಂದನೆಯ ಸಲಕ್ಕೆ ಬಾಯಿಗೆ ಬರಲಿಲ್ಲ. "ನಿನ್ನ ನೀರಿಂದ ಅಲ್ಲ ಬೇ ಅತ್ತಿ" ಎಂದೆ. "ನನ್ನಿಂದ."

ಅವಳು ಲೋಟವನ್ನು ನನ್ನ ಕೈಗೆ ಕೊಟ್ಟಳು.

"ಕುಡಿ. ನಾಳೆ ಲಗೂನ ಬಾ. ಕಬ್ಬು ಭಾಳ ಐತಿ."